ಕಾಡಿಗೆ ಬೆಂಕಿ ಬೀಳುವ ಮೊದಲು

ಸಂಕ್ರಾಂತಿ ಹತ್ತಿರವಾಗಿದೆ. ಹೊಲಗಳಲ್ಲಿ ಅವರೆ, ಹುರುಳಿ ಕೈಗೆ ಬರುವ ಕಾಲ. ಗುಂಡ್ಲುಪೇಟೆಯಿಂದಾಚೆ, ಬಂಡೀಪುರದ ಕಾಡಿನಲ್ಲಿ ಈಗ ಇನ್ನೊಂದು ಕೊಯ್ಲು ನಡೆಯುತ್ತದೆ. ಅದು ಹುಲ್ಲಿನ ಕೊಯ್ಲು. ಕುಡುಗೋಲು, ಮಚ್ಚು ಹಿಡಿದವರು ಸಾಲಾಗಿ ನಿಂತು ಎದೆಮಟ್ಟದ ಹುಲ್ಲು ಸವರುತ್ತಾರೆ. ಈ ಹುಲ್ಲು ಯಾವ ಕೊಟ್ಟಿಗೆಗೂ ಹೋಗುವುದಿಲ್ಲ. ಬಿದ್ದಲ್ಲೇ ಒಣಗುತ್ತದೆ. ಒಣಗಿದ ಮೇಲೆ ಅಲ್ಲೇ ಸುಡುತ್ತಾರೆ. ಸುಟ್ಟ ಜಾಗ ಒಂದು ಕಪ್ಪು ಪಟ್ಟಿಯಾಗಿ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಅದಕ್ಕೆ ಬೆಂಕಿ ರೇಖೆ ಎಂದು ಹೆಸರು. ಕೆಲಸಗಾರರ ಬಾಯಲ್ಲಿ ಅದು ಫೈರ್ ಲೈನ್.

ಇವತ್ತಿನ ನನ್ನ ಮಾತು ಈ ಕೆಲಸದ ಬಗ್ಗೆ. ಕಾಡ್ಗಿಚ್ಚು ಎಂದ ಕೂಡಲೇ ನಮಗೆ ನೆನಪಾಗುವುದು ಹೊಗೆ, ಹೆಲಿಕಾಪ್ಟರ್, ಕರಕಲಾದ ಬೆಟ್ಟ. ಅದು ಫೆಬ್ರವರಿಯ ಸುದ್ದಿ. ಆ ಬೆಂಕಿ ಎಷ್ಟು ದೂರ ಓಡಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ಮಾತ್ರ ಬಹುಪಾಲು ಡಿಸೆಂಬರ್, ಜನವರಿಯಲ್ಲೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನ ಮಾಡುವವರು ಕಾಡಂಚಿನ ಕೂಲಿಗಾರರು, ಬೆಂಕಿ ಕಾವಲುಗಾರರು, ಗಾರ್ಡುಗಳು. ಅವರ ಹೆಸರು ಯಾವ ಸುದ್ದಿಯಲ್ಲೂ ಬರುವುದಿಲ್ಲ.

ಮೊದಲು ಒಂದು ದೊಡ್ಡ ಬೆಂಕಿಯನ್ನು ನೆನಪು ಮಾಡಿಕೊಳ್ಳೋಣ.

2019ರ ಫೆಬ್ರವರಿ. ತಿಂಗಳ ಮೂರನೆಯ ವಾರ. ಬಂಡೀಪುರದ ಕುಂದಕೆರೆ ವಲಯದಲ್ಲಿ ಬೆಂಕಿ ಕಾಣಿಸಿಕೊಂಡಿತು. ಎರಡು ಮೂರು ದಿನಗಳಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆಗೆ ಹಬ್ಬಿತು. 23ನೇ ತಾರೀಖು, ಶನಿವಾರ, ಗಾಳಿ ಜೋರಾಯಿತು. ಅದೇ ದಿನ ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆದಿತ್ತು. ಅಲ್ಲಿ ಒಣಹುಲ್ಲಿನ ಬಯಲಿನಲ್ಲಿ ನಿಲ್ಲಿಸಿದ್ದ ಸುಮಾರು 300 ಕಾರುಗಳು ನೋಡನೋಡುತ್ತಿದ್ದಂತೆ ಸುಟ್ಟುಹೋದವು. ಬೆಂಗಳೂರಿನ ಕೇಳುಗರಿಗೆ ಆ ದಿನ ಮರೆತಿರಲಾರದು. ಒಣಹುಲ್ಲು, ಬಿಸಿಲು, ಗಾಳಿ ಮೂರೂ ಸೇರಿದರೆ ಏನಾಗುತ್ತದೆ ಎಂದು ಒಂದು ವಾಹನ ನಿಲ್ದಾಣದಲ್ಲಿ ಕಂಡಿತು. ಬಂಡೀಪುರದಲ್ಲಿ ಅದೇ ಮೂರು ಸೇರಿದ್ದು ಸಾವಿರಾರು ಎಕರೆಯಲ್ಲಿ, ಅದೂ ಬೆಟ್ಟದ ಇಳಿಜಾರಿನಲ್ಲಿ.

ಸೋಮವಾರ ವಾಯುಪಡೆಯ ಎರಡು ಹೆಲಿಕಾಪ್ಟರ್‌ಗಳು ಬಂದವು. ಹೊಟ್ಟೆಯಡಿ ದೊಡ್ಡ ಚೀಲದಂಥ ಬಕೆಟ್ ತೂಗುಹಾಕಿಕೊಂಡು ನೀರು ತುಂಬಿ ಸುರಿದವು. ನೆಲದ ಮೇಲೆ ಅರಣ್ಯ ಸಿಬ್ಬಂದಿ, ಅಗ್ನಿಶಾಮಕ ದಳ, ಸುತ್ತಲ ಹಳ್ಳಿಯವರು, ಮೈಸೂರು ಬೆಂಗಳೂರಿನಿಂದ ಬಂದ ಸ್ವಯಂಸೇವಕರು ನೂರಾರು ಸಂಖ್ಯೆಯಲ್ಲಿ ದುಡಿದರು. ಬೆಂಕಿ ಹತೋಟಿಗೆ ಬರುವ ಹೊತ್ತಿಗೆ ಸುಮಾರು 4,400 ಹೆಕ್ಟೇರ್ ಸುಟ್ಟಿತ್ತು ಎಂದು ಉಪಗ್ರಹದ ಚಿತ್ರಗಳಿಂದ ಲೆಕ್ಕ ಸಿಕ್ಕಿತು. ಎಕರೆಯಲ್ಲಿ ಹೇಳಿದರೆ ಹತ್ತಿರಹತ್ತಿರ 11,000.

ಇಡೀ ಬಂಡೀಪುರವೇ ಹೋಯಿತು ಎಂಬ ಮಾತು ಆಗ ಊರೂರಲ್ಲಿ ಹರಡಿತ್ತು. ಬೇರೆ ದೇಶದ ಸುಟ್ಟ ಪ್ರಾಣಿಗಳ ಚಿತ್ರಗಳು ಬಂಡೀಪುರದ ಹೆಸರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹೋದವು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ವಿಸ್ತಾರ ಸುಮಾರು 1,000 ಚದರ ಕಿಲೋಮೀಟರ್. ಸುಟ್ಟದ್ದು ಅದರ 20ರಲ್ಲಿ ಒಂದು ಪಾಲಿಗಿಂತ ಕಡಿಮೆ. ಆನೆ, ಕಾಟಿ, ಜಿಂಕೆಗಳು ಹೊಗೆಯ ವಾಸನೆ ಹಿಡಿದು ದೂರ ಸರಿಯುತ್ತವೆ. ಸಾಯುವವು ಓಡಲಾರದವು. ನಕ್ಷತ್ರ ಆಮೆ, ಹಾವು, ಓತಿಕೇತ, ನೆಲದಲ್ಲೇ ಮೊಟ್ಟೆಯಿಡುವ ಹಕ್ಕಿಗಳ ಮರಿ. ಇವುಗಳ ಲೆಕ್ಕ ಇಡುವವರಿಲ್ಲ. ಹಾಗಾಗಿ ನಷ್ಟವನ್ನು ಉಬ್ಬಿಸಿ ಹೇಳುವುದು ಬೇಡ, ತಳ್ಳಿಹಾಕುವುದೂ ಬೇಡ.

2019ರಲ್ಲಿ ಏನಾಯಿತು ಎಂಬುದನ್ನು ಹೇಳಿದೆ. ಇನ್ನು ಬೆಂಕಿ ಅಷ್ಟು ವೇಗವಾಗಿ ಓಡಿದ್ದೇಕೆ ಎಂದು ನೋಡೋಣ.

ಬಂಡೀಪುರ ಎಲೆ ಉದುರುವ ಕಾಡು. ದಿಂಡಲು, ಮತ್ತಿ, ತೇಗ, ಹೊನ್ನೆ, ನೆಲ್ಲಿ, ತಾರೆ ಇಲ್ಲಿಯ ಮರಗಳು. ಜನವರಿಯಿಂದ ಮಾರ್ಚಿವರೆಗೆ ಇವು ಒಂದೊಂದಾಗಿ ಬೋಳಾಗುತ್ತವೆ. ಬಿದ್ದ ತರಗು ನೆಲದ ಮೇಲೆ ಗೇಣುದ್ದ ನಿಲ್ಲುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಹುಲ್ಲು ಆನೆಯ ಹೊಟ್ಟೆ ಮುಟ್ಟುವಷ್ಟು ಬೆಳೆಯುತ್ತದೆ. ಇದು ಕೇಳಲು ವಿಚಿತ್ರ, ಆದರೆ ನಿಜ. ಒಳ್ಳೆಯ ಮಳೆಗಾಲದ ಹಿಂದೆ ಕೆಟ್ಟ ಬೇಸಿಗೆ ಕಾದಿರುತ್ತದೆ. ಬೆಳೆದ ಹುಲ್ಲೆಲ್ಲ ಒಣಗಿ ನಿಂತಾಗ, ನಡುವೆ ಒಂದು ಹದ ಮಳೆಯೂ ಬಾರದೆ ಇದ್ದಾಗ, ಒಂದು ಕಿಡಿ ಸಾಕು.

ಇಳಿಜಾರು ಎರಡನೆಯ ಕಾರಣ. ಸಮನೆಲದಲ್ಲಿ ನಡೆಯುವ ಬೆಂಕಿ ಬೆಟ್ಟ ಸಿಕ್ಕರೆ ಓಡುತ್ತದೆ. ಅಡುಗೆ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಹಸಿ ಸೌದೆ ಇಟ್ಟು ಒಣಗಿಸುತ್ತಿದ್ದುದು ನಮ್ಮ ಹಳ್ಳಿಯ ಕೇಳುಗರಿಗೆ ಗೊತ್ತು. ಇಳಿಜಾರಿನಲ್ಲಿ ಕೆಳಗಿನ ಜ್ವಾಲೆ ಮೇಲಿನ ಹುಲ್ಲಿಗೆ ಅದನ್ನೇ ಮಾಡುತ್ತದೆ. ತಾನು ತಲುಪುವ ಮೊದಲೇ ಅದನ್ನು ಕಾಯಿಸಿ ಒಣಗಿಸಿ ಇಟ್ಟಿರುತ್ತದೆ. ಅದಕ್ಕೇ ಅನುಭವಸ್ಥ ಕಾವಲುಗಾರ ಹೊಸಬರಿಗೆ ಮೊದಲು ಕಲಿಸುವ ಪಾಠ ಒಂದೇ. ಬೆಂಕಿ ಕೆಳಗಿದ್ದಾಗ ಅದರ ಮೇಲುಗಡೆ ನಿಲ್ಲಬೇಡ.

ಮೂರನೆಯದು ಲಂಟಾನ. ಚಿಕ್ಕ ಚಿಕ್ಕ ಬಣ್ಣದ ಹೂಗೊಂಚಲಿನ ಆ ಮುಳ್ಳುಪೊದೆ ಅಮೆರಿಕ ಖಂಡದ್ದು. 200 ವರ್ಷದ ಹಿಂದೆ ತೋಟದ ಅಂದಕ್ಕೆಂದು ನಮ್ಮ ದೇಶಕ್ಕೆ ಬಂತು. ಈಗ ಮೈಸೂರು, ಚಾಮರಾಜನಗರದ ಕಾಡುಗಳಲ್ಲಿ ಆಳೆತ್ತರಕ್ಕೂ ಮೀರಿ ಹೆಣೆದುಕೊಂಡಿದೆ. ಒಣಗಿದ ಹುಲ್ಲಿನ ಬೆಂಕಿ ಮೊಣಕಾಲೆತ್ತರದಲ್ಲಿ ಹಾದುಹೋದರೆ ದೊಡ್ಡ ಮರಗಳ ತೊಗಟೆ ಅದನ್ನು ತಾಳಿಕೊಳ್ಳುತ್ತದೆ. ಲಂಟಾನ ಹತ್ತಿಕೊಂಡರೆ ಹಾಗಲ್ಲ. ಅದು ಕೊಂಬೆ ಕೊಂಬೆಯಲ್ಲಿ ಬೆಂಕಿಯನ್ನು ಮೇಲಕ್ಕೊಯ್ದು ಮರದ ನೆತ್ತಿಗೆ ಮುಟ್ಟಿಸುತ್ತದೆ. ಬಹಳ ಹೊತ್ತು ಉರಿಯುತ್ತದೆ. ಅದರ ಕಾವಿಗೆ ಹತ್ತಿರ ಹೋಗಲಾಗುವುದಿಲ್ಲ.

ಇವೆಲ್ಲದರ ಮೇಲೆ ಗಾಳಿ. ಗಾಳಿಗೆ ಉರಿಯುವ ತರಗೆಲೆ, ಬಿದಿರಿನ ಸಿಪ್ಪೆ ಹಾರಿ ದೂರ ಬೀಳುತ್ತದೆ. ಬಿದ್ದಲ್ಲಿ ಹೊಸ ಬೆಂಕಿ. ಅಂಥ ದಿನ ಬೆಂಕಿ ರೇಖೆಯನ್ನೂ, ಡಾಂಬರು ರಸ್ತೆಯನ್ನೂ ಬೆಂಕಿ ದಾಟುತ್ತದೆ.

ಹುಲ್ಲು, ಇಳಿಜಾರು, ಲಂಟಾನ, ಗಾಳಿ. ಬೆಂಕಿಯ ಓಟಕ್ಕೆ ಇವು ಕಾರಣ ಎಂದೆ. ಈಗ ಅದರ ಎದುರು ನಿಲ್ಲುವವರ ಕಡೆಗೆ ಬರೋಣ.

ಕಾಡಿನ ಬೆಂಕಿಯನ್ನು ನೀರು ಹಾಕಿ ಆರಿಸುತ್ತಾರೆ ಎಂದು ಪೇಟೆಯಲ್ಲಿರುವ ನಾವು ಅಂದುಕೊಂಡಿರುತ್ತೇವೆ. ನೀರು ಎಲ್ಲಿಂದ ಬರಬೇಕು? ಫೆಬ್ರವರಿಯಲ್ಲಿ ಹಳ್ಳಗಳು ಬತ್ತಿರುತ್ತವೆ. ಕೆರೆ ಇದ್ದರೆ ಮೈಲಿಗಟ್ಟಲೆ ದೂರ. ಟ್ಯಾಂಕರ್ ಲಾರಿ ಜೀಪು ದಾರಿ ಬಿಟ್ಟು ಆಚೆ ಹೋಗದು. 2019ರ ಆ ಹೆಲಿಕಾಪ್ಟರ್‌ಗಳನ್ನೇ ತೆಗೆದುಕೊಳ್ಳಿ. ಮೊದಲ ದಿನ ಅವು ಹತ್ತು ಸಲ ಹಾರಿ ಸುರಿದ ನೀರು ಸುಮಾರು 30,000 ಲೀಟರ್. ಸುಟ್ಟ ಎಕರೆಗಳಿಗೆ ಹಂಚಿದರೆ ಎಕರೆಗೆ ಮೂರು ಲೀಟರೂ ಬರುವುದಿಲ್ಲ. ವಾಯುಪಡೆಯ ಕೆಲಸವನ್ನು ನಾನು ಸಣ್ಣದು ಮಾಡುತ್ತಿಲ್ಲ. ಮನುಷ್ಯ ಹತ್ತಲಾಗದ ಕಡಿದಾದ ಜಾಗಕ್ಕೆ ಆ ನೀರು ಬೇಕಿತ್ತು. ಉಳಿದ ಕಡೆಯೆಲ್ಲ ಬೆಂಕಿಯನ್ನು ಆರಿಸಿದ್ದು ಕೈಗಳು.

ಆ ಕೈಗಳಲ್ಲಿ ಏನಿರುತ್ತದೆ? ಹೆಚ್ಚಿನ ಸಲ ಹಸಿ ಸೊಪ್ಪಿನ ಕೊಂಬೆ. ಎಲೆ ದಟ್ಟವಾಗಿರುವ, ಬೇಗ ಉದುರದ ಕೊಂಬೆಯನ್ನು ಆರಿಸಿ ಮುರಿದುಕೊಳ್ಳುತ್ತಾರೆ. ಉರಿಯುವ ಹುಲ್ಲಿನ ಅಂಚಿಗೆ ಬಡಿಯುತ್ತಾರೆ. ಬಡಿಯುವುದರಲ್ಲೂ ಒಂದು ರೀತಿ ಇದೆ. ಎತ್ತಿ ಹೊಡೆದರೆ ಕಿಡಿ ಹಾರಿ ಇನ್ನೊಂದು ಕಡೆ ಹತ್ತಿಕೊಳ್ಳುತ್ತದೆ. ಕೊಂಬೆಯನ್ನು ಜ್ವಾಲೆಯ ಮೇಲೆ ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. ಮೂವರು ನಾಲ್ವರು ಒಬ್ಬರ ಹಿಂದೊಬ್ಬರು ಹೋಗುತ್ತಾರೆ. ಮುಂದಿನವನು ಬಿಟ್ಟದ್ದನ್ನು ಹಿಂದಿನವನು ಮುಗಿಸುತ್ತಾನೆ. ಹತ್ತು ನಿಮಿಷಕ್ಕೆ ಮುಂದಿನವನು ಹಿಂದಕ್ಕೆ ಬರುತ್ತಾನೆ. ಆ ಕಾವಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಲಾಗದು.

ಈಚೆಗೆ ಬ್ಲೋವರ್ ಬಂದಿದೆ. ಬೆನ್ನಿಗೆ ಕಟ್ಟಿಕೊಂಡು ಕೊಳವೆಯಿಂದ ಗಾಳಿ ಊದುವ ಯಂತ್ರ. ಬೆಂಕಿಗೆ ಗಾಳಿ ಊದುವುದೇ ಎಂದು ನೀವು ಕೇಳಬಹುದು. ಬೆಂಕಿಯ ಮುಂದಿರುವ ತರಗನ್ನು ಅದು ಗುಡಿಸಿ ತಳ್ಳುತ್ತದೆ. ಸುಡಲು ಏನೂ ಸಿಗದೆ ಬೆಂಕಿ ಅಲ್ಲಿಗೆ ನಿಲ್ಲುತ್ತದೆ. ಹತ್ತು ಜನ ಪೊರಕೆ ಹಿಡಿದು ಮಾಡುವ ಕೆಲಸವನ್ನು ಇಬ್ಬರು ಮಾಡುತ್ತಾರೆ.

ಬೆಂಕಿ ತುಂಬ ದೊಡ್ಡದಾದರೆ ಉಳಿಯುವುದು ಎದುರು ಬೆಂಕಿ. ಮುನ್ನುಗ್ಗಿ ಬರುವ ಬೆಂಕಿಯ ಹಾದಿಯಲ್ಲಿ, ಒಂದು ರಸ್ತೆಯನ್ನೋ ರೇಖೆಯನ್ನೋ ಬೆನ್ನಿಗಿಟ್ಟುಕೊಂಡು, ಇವರೇ ಬೆಂಕಿ ಕೊಡುತ್ತಾರೆ. ಎರಡು ಬೆಂಕಿಗಳು ಎದುರಾಗುವ ಕಡೆ ಸುಡಲು ಹುಲ್ಲೇ ಉಳಿದಿರುವುದಿಲ್ಲ. ಇದಕ್ಕೆ ಗಾಳಿಯ ಜಾಡು ಗೊತ್ತಿರಬೇಕು. ಗಳಿಗೆ ತಪ್ಪಿದರೆ ಕೊಟ್ಟ ಬೆಂಕಿಯೇ ತಿರುಗಿ ಬೀಳುತ್ತದೆ. ಇದನ್ನು ಪುಸ್ತಕ ಓದಿ ಕಲಿಯಲಾಗುವುದಿಲ್ಲ. ಕಾಡಿನಲ್ಲಿ ಹತ್ತಾರು ಬೇಸಿಗೆ ಕಳೆದವರ ಮಾತು ಕೇಳಿ ಅಧಿಕಾರಿಗಳು ಮುಂದಡಿ ಇಡುತ್ತಾರೆ. ಇಡಬೇಕು ಕೂಡ.

ಜ್ವಾಲೆ ಆರಿದ ಮೇಲೂ ಕೆಲಸ ಮುಗಿಯುವುದಿಲ್ಲ. ಒಣ ಮರದ ದಿಮ್ಮಿಯೊಳಗೆ, ಪೊಟರೆಯೊಳಗೆ, ಆನೆ ಲದ್ದಿಯೊಳಗೆ ಕೆಂಡ ದಿನಗಟ್ಟಲೆ ಕುಳಿತಿರುತ್ತದೆ. ಮೇಲೆ ಬೂದಿ. ಒಳಗೆ ಜೀವಂತ. ಮರುದಿನ ಮಧ್ಯಾಹ್ನ ಗಾಳಿ ಎದ್ದಾಗ ಒಂದು ಕಿಡಿ ಆಚೆ ಬೀಳುತ್ತದೆ. ಅದಕ್ಕೆ ಕಾವಲುಗಾರರು ಸುಟ್ಟ ಅಂಚಿನಲ್ಲೇ ರಾತ್ರಿ ಕಳೆದು ಒಂದೊಂದೇ ದಿಮ್ಮಿಯನ್ನು ಹೊರಳಿಸಿ ಮಣ್ಣು ಹಾಕುತ್ತಾರೆ. ರಾತ್ರಿ ಗಾಳಿ ಇಳಿದಿರುತ್ತದೆ. ಗಾಳಿಯಲ್ಲಿ ತುಸು ತೇವ ಇರುತ್ತದೆ. ಬೆಂಕಿ ಆರಿಸಲು ಅದೇ ಒಳ್ಳೆಯ ಹೊತ್ತು. ಆನೆ ತಿರುಗುವ ಹೊತ್ತೂ ಅದೇ.

ಈ ಕೆಲಸ ಪ್ರಾಣ ತೆಗೆಯುತ್ತದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಜ್ವಾಲೆಯ ನಡುವೆ ಸಿಕ್ಕಿ ತೀರಿಕೊಂಡರು. 2020ರಲ್ಲಿ ಕೇರಳದ ತ್ರಿಶೂರು ಜಿಲ್ಲೆಯಲ್ಲಿ ಮೂವರು ಕಾವಲುಗಾರರು ಹೋದರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಹತ್ತಿರ ಮತ್ತೊಬ್ಬ ಅರಣ್ಯ ರಕ್ಷಕರು. ಬೆಟ್ಟ ಹತ್ತುವ ಬೆಂಕಿಗೆ ಸಿಕ್ಕವರಿಗೆ ಓಡಲು ಜಾಗವಿರುವುದಿಲ್ಲ. 2018ರ ಮಾರ್ಚಿಯಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದ 20ಕ್ಕೂ ಹೆಚ್ಚು ಜನ ಸತ್ತದ್ದೂ ಹಾಗೆಯೇ.

ಬೆಂಕಿಯೊಡನೆ ನೇರವಾಗಿ ಸೆಣಸುವುದು ಎಷ್ಟು ಕಷ್ಟ, ಎಷ್ಟು ಅಪಾಯ ಎಂದು ಕೇಳಿದಿರಿ. ಈ ಕಾರಣಕ್ಕೇ ನಾನು ಮೊದಲು ಹೇಳಿದ ಆ ಕಪ್ಪು ಪಟ್ಟಿಗೆ ಮರಳುತ್ತೇನೆ.

ಬಂಡೀಪುರದಂಥ ಕಾಡಿನಲ್ಲಿ ಬೆಂಕಿ ರೇಖೆಗಳ ಒಟ್ಟು ಉದ್ದ ಸಾವಿರಾರು ಕಿಲೋಮೀಟರ್. ಕಾಡಿನ ಗಡಿಯುದ್ದಕ್ಕೆ, ರಸ್ತೆಗಳ ಎರಡು ಪಕ್ಕ, ವಲಯ ವಲಯದ ನಡುವೆ ಇವು ಹಾದುಹೋಗುತ್ತವೆ. ಪ್ರತಿ ವರ್ಷ ಹೊಸದಾಗಿ ಮಾಡಬೇಕು. ಒಂದು ಮಳೆಗಾಲಕ್ಕೆ ಹುಲ್ಲು, ಲಂಟಾನ ಎಲ್ಲವೂ ಮತ್ತೆ ಮುಚ್ಚಿಕೊಳ್ಳುತ್ತದೆ.

ಕೆಲಸದ ಕ್ರಮ ಹೀಗೆ. ಮೊದಲು ಪಟ್ಟಿಯ ಎರಡು ಅಂಚನ್ನು ನೆಲ ಕಾಣುವಂತೆ ಸವರುತ್ತಾರೆ. ಕಡಿದದ್ದನ್ನು ನಡುವಿಗೆ ಹರಡುತ್ತಾರೆ. ಒಂದೆರಡು ವಾರ ಬಿಸಿಲಿಗೆ ಬಿಡುತ್ತಾರೆ. ಆಮೇಲೆ ಗಾಳಿಯಿಲ್ಲದ ಹೊತ್ತು ನೋಡಿ, ಎರಡು ಬದಿಯಲ್ಲೂ ಸೊಪ್ಪು ಹಿಡಿದು ಜನ ನಿಂತು, ನಡುವೆ ಬೆಂಕಿ ಕೊಡುತ್ತಾರೆ. ಹದ ಸಿಗುವುದು ಕೆಲವೇ ವಾರ. ಡಿಸೆಂಬರ್ ಮೊದಲ ವಾರ ಹುಲ್ಲಿನ ಬುಡ ಇನ್ನೂ ಹಸಿರು. ಹೊಗೆ ಬರುತ್ತದೆ, ಹತ್ತುವುದಿಲ್ಲ. ಜನವರಿ ದಾಟಿದರೆ ಎಲ್ಲ ಒಣಗಿರುತ್ತದೆ. ಆಗ ರೇಖೆಗೆ ಕೊಟ್ಟ ಬೆಂಕಿಯೇ ಕಾಡಿಗೆ ನುಗ್ಗುವ ಭಯ. ನಡುವಿನ ಆ ಕೆಲವೇ ವಾರಗಳಲ್ಲಿ ಸಾವಿರಾರು ಕಿಲೋಮೀಟರ್ ಮುಗಿಯಬೇಕು. ಹಣ ಬಿಡುಗಡೆ ತಡವಾದರೆ, ಕೂಲಿಗೆ ಜನ ಸಿಗದಿದ್ದರೆ ಆ ವಾರಗಳು ಕೈತಪ್ಪುತ್ತವೆ. ಕಡತ ಒಂದು ತಿಂಗಳು ತಡವಾಗಿ ಮೇಜು ದಾಟಬಹುದು. ಹುಲ್ಲು ಯಾರಿಗೂ ಕಾಯುವುದಿಲ್ಲ.

ಇನ್ನೊಂದು ಸಂಗತಿ. ರೇಖೆ ಸುಟ್ಟ ಮೇಲೆ ಮರಗಳು ಎಲೆ ಉದುರಿಸುತ್ತಲೇ ಇರುತ್ತವೆ. ತೇಗದ ಮೊರದಗಲದ ಒಣ ಎಲೆಗಳು ಕಪ್ಪು ಪಟ್ಟಿಯ ಮೇಲೆ ಬಂದು ಬೀಳುತ್ತವೆ. ಮೂರು ವಾರ ಬಿಟ್ಟರೆ ಬೆಂಕಿ ದಾಟಲು ಸೇತುವೆ ಸಿದ್ಧ. ಅದಕ್ಕೆ ಅದನ್ನು ಮತ್ತೆ ಮತ್ತೆ ಗುಡಿಸಬೇಕು. ಫೆಬ್ರವರಿ, ಮಾರ್ಚಿ ಪೂರ್ತಿ ಬೆಂಕಿ ವಾಚರ್‌ಗಳು ಮಾಡುವ ಮುಖ್ಯ ಕೆಲಸ ಇದೇ. ಗೋಪುರದ ಮೇಲೆ ನಿಂತು ಹೊಗೆ ನೋಡುವುದು, ಕೆಳಗಿಳಿದು ಎಲೆ ಗುಡಿಸುವುದು. ಇವರು ಹೆಚ್ಚಿನವರು ಕಾಡಂಚಿನ ಹಳ್ಳಿ, ಹಾಡಿಗಳ ಜನ. ಜೇನುಕುರುಬರು, ಸೋಲಿಗರು, ಬೇಸಿಗೆಯ ಮೂರ್ನಾಲ್ಕು ತಿಂಗಳ ದಿನಗೂಲಿಗೆ ಬಂದ ರೈತಮಕ್ಕಳು.

ಉಪಗ್ರಹ ಇದೆಯಲ್ಲ ಎನ್ನುತ್ತೀರಿ. ಇದೆ. ದೆಹರಾದೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಉಪಗ್ರಹ ಕಂಡ ಬೆಂಕಿಯ ಸುಳಿವನ್ನು ರಾಜ್ಯಗಳಿಗೆ ಕಳಿಸುತ್ತಿದೆ. ಈಗ ಅದು ಗಾರ್ಡಿನ ಮೊಬೈಲಿಗೇ ಸಂದೇಶವಾಗಿ ಬರುತ್ತದೆ. ದೊಡ್ಡ ಉಪಕಾರ. ಆದರೆ ಉಪಗ್ರಹ ತಲೆಯ ಮೇಲೆ ಹಾದುಹೋಗುವುದು ದಿನಕ್ಕೆ ಕೆಲವೇ ಸಲ. ಅದು ಹೋದ ಐದು ನಿಮಿಷಕ್ಕೆ ಹತ್ತಿದ ಬೆಂಕಿ ಮುಂದಿನ ಸಲದವರೆಗೆ ಅದಕ್ಕೆ ಕಾಣದು. ಗೋಪುರದ ಮೇಲಿನ ಕಾವಲುಗಾರನಿಗೆ ಕಾಣುತ್ತದೆ.

ರೇಖೆ, ಕಾವಲು, ಉಪಗ್ರಹ. ಬೆಂಕಿ ಹರಡದಂತೆ ತಡೆಯುವ ದಾರಿಗಳು ಇವು. ಆದರೆ ಆ ಮೊದಲ ಕಿಡಿ ಬರುವುದು ಎಲ್ಲಿಂದ?

ಬಿದಿರು ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆ ಎಂದು ಶಾಲೆಯಲ್ಲಿ ಕೇಳಿದ್ದೇವೆ. ಆದರೆ ನಮ್ಮ ಕಾಡುಗಳಲ್ಲಿ ಬೇಸಿಗೆಯ ಬೆಂಕಿ ಬಹುತೇಕ ಎಲ್ಲವೂ ಮನುಷ್ಯನದು. ಬೀಡಿಯ ತುಂಡು, ಜೇನು ಕೀಳುವವರ ಪಂಜು, ಆರಿಸದೆ ಬಿಟ್ಟ ಅಡುಗೆ ಒಲೆ. ಇವು ಅಜಾಗರೂಕತೆಯವು. ಬೇಕೆಂದೇ ಇಡುವವೂ ಇವೆ. ಸುಟ್ಟರೆ ಎಳೆ ಹುಲ್ಲು ಬೇಗ ಚಿಗುರುತ್ತದೆ ಎಂದು ದನ ಮೇಯಿಸುವವರು ಇಡುತ್ತಾರೆ. ಜಿಂಕೆ, ಕಡವೆ ಉದುರಿಸಿದ ಕೊಂಬು ಹುಲ್ಲಿನಲ್ಲಿ ಕಾಣುವುದಿಲ್ಲ, ಸುಟ್ಟ ನೆಲದಲ್ಲಿ ಕಾಣುತ್ತದೆ ಎಂದು ಕೊಂಬು ಮಾರುವವರು ಇಡುತ್ತಾರೆ. ಒಣ ಲದ್ದಿಯೊಳಗೆ ಕೆಂಡವಿಟ್ಟು ಹೋಗುವುದು ಹಳೆಯ ಉಪಾಯ. ಅದು ಕನಲಿ ಕನಲಿ ಹುಲ್ಲಿಗೆ ಹತ್ತುವ ಹೊತ್ತಿಗೆ ಇಟ್ಟವನು ಮನೆ ಸೇರಿರುತ್ತಾನೆ.

ಇನ್ನು ಕೆಲವು ಬೆಂಕಿಗಳ ಹಿಂದೆ ಸಿಟ್ಟಿದೆ. ಬಂಡೀಪುರದ ಅಂಚಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳಿವೆ. ಒಂದೇ ರಾತ್ರಿಯಲ್ಲಿ ಆನೆ ಬಾಳೆತೋಟ ಮುಗಿಸಿದೆ. ಕೊಟ್ಟಿಗೆಯ ಹಸುವನ್ನು ಹುಲಿ ಒಯ್ದಿದೆ. ಪರಿಹಾರಕ್ಕೆ ಅಲೆದು ಸಾಕಾಗಿದೆ. ಕಾಡಿಗೆ ಹೋದರೆ ಕೇಸು, ಕಾಡಿನದು ಹೊಲಕ್ಕೆ ಬಂದರೆ ಕೇಳುವವರಿಲ್ಲ ಎನ್ನುವ ನೋವಿದೆ. ಈ ಸಿಟ್ಟಿನಲ್ಲಿ ಕಡ್ಡಿ ಗೀರಿದವನನ್ನು ನಾನು ಸಮರ್ಥಿಸುವುದಿಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಅದು ಶಿಕ್ಷೆಯ ಅಪರಾಧ. ಆ ಕಡ್ಡಿಗೆ ಬಲಿಯಾಗುವವನು ಅವನದೇ ಊರಿನ ವಾಚರ್ ಹುಡುಗ. ಆದರೂ ಇಷ್ಟು ಹೇಳಲೇಬೇಕು. ಬೆಳೆನಷ್ಟದ ಪರಿಹಾರ ಸಕಾಲಕ್ಕೆ ಬಂದ ಊರಿನವರು ಹೊಗೆ ಕಂಡರೆ ತಾವೇ ಫೋನು ಮಾಡುತ್ತಾರೆ. ಪರಿಹಾರದ ಚೆಕ್ಕನ್ನು ಬೆಂಕಿ ತಡೆಯುವ ಖರ್ಚಿನಲ್ಲೇ ಸೇರಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಿಡಿ ಮನುಷ್ಯನದು ಎಂದೆ. ಹಾಗಾದರೆ ಮನುಷ್ಯ ಹಚ್ಚಿದ ಬೆಂಕಿ ಎಲ್ಲವೂ ಒಂದೇ ಬಗೆಯದೇ? ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು.

ಬಂಡೀಪುರದಿಂದ ಹೆಚ್ಚು ದೂರವಿಲ್ಲದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗೋಣ. ಅಲ್ಲಿಯ ಸೋಲಿಗರು ತಲೆತಲಾಂತರದಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಅದನ್ನು ತರಗು ಬೆಂಕಿ ಎನ್ನುತ್ತಾರೆ. ಜನವರಿಯ ಸುಮಾರಿಗೆ, ನೆಲದಲ್ಲಿ ಇನ್ನೂ ತೇವ ಇರುವಾಗ, ತೆಳ್ಳಗೆ ಬಿದ್ದ ತರಗಿಗೆ ಬೆಂಕಿ ಕೊಡುತ್ತಿದ್ದರು. ಅದು ಕಣಕಾಲೆತ್ತರದ ಬೆಂಕಿ. ನಡೆದ ಹಾಗೆ ಹೋಗಿ ತಾನೇ ಆರುತ್ತಿತ್ತು. ಮರ ಸಾಯುತ್ತಿರಲಿಲ್ಲ. ಹೊಸ ಹುಲ್ಲು, ಕಾಡುಗೆಣಸು ಚೆನ್ನಾಗಿ ಬರುತ್ತಿತ್ತು. ಮಾರ್ಚಿಯ ದೊಡ್ಡ ಬೆಂಕಿಗೆ ಸುಡಲು ಏನೂ ಉಳಿಯುತ್ತಿರಲಿಲ್ಲ. 1974ರಲ್ಲಿ ಆ ಕಾಡು ವನ್ಯಧಾಮವಾಯಿತು. ತರಗು ಬೆಂಕಿ ಅಪರಾಧವಾಯಿತು.

ಆಮೇಲೆ ಏನಾಯಿತು ಎಂದು ಸೋಲಿಗರನ್ನು ಕೇಳಿದರೆ ಅವರು ನೆಲ್ಲಿ ಮರ ತೋರಿಸುತ್ತಾರೆ. ಮರದ ಕೊಂಬೆಯಲ್ಲಿ ಬೇರೊಂದು ಗಿಡ ಬೇರೂರಿದೆ. ಅದರ ಎಲೆ ದಪ್ಪ. ನೆಲ್ಲಿಯ ಸಣ್ಣ ಎಲೆಗಳ ನಡುವೆ ದೂರದಿಂದಲೇ ಬೇರೆಯಾಗಿ ಕಾಣುತ್ತದೆ. ಅದು ಬಂದಳಿಕೆ. ಮರದ ರಸ ಕುಡಿದು ಬೆಳೆಯುವಂಥದ್ದು. ಹಕ್ಕಿಗಳು ಅದರ ಬೀಜವನ್ನು ಕೊಂಬೆಯಿಂದ ಕೊಂಬೆಗೆ ಒಯ್ಯುತ್ತವೆ. ಬಂದಳಿಕೆ ಹೆಚ್ಚಿದ ನೆಲ್ಲಿ ಕಾಯಿ ಬಿಡುವುದು ಕಡಿಮೆಯಾಗಿ ಒಣಗುತ್ತದೆ. ತರಗು ಬೆಂಕಿಯ ಕಾವು, ಹೊಗೆ ಅದನ್ನು ಹತೋಟಿಯಲ್ಲಿಡುತ್ತಿತ್ತು ಎನ್ನುವುದು ಅವರ ತಿಳಿವಳಿಕೆ. ಲಂಟಾನದ ಬಗ್ಗೆಯೂ ಅವರು ಅದನ್ನೇ ಹೇಳುತ್ತಾರೆ. ವಿಜ್ಞಾನಿಗಳು ಆ ಬೆಟ್ಟದಲ್ಲಿ ಅಳೆದು ನೋಡಿದಾಗ 1997ರಲ್ಲಿ 100ಕ್ಕೆ 40 ಜಾಗಗಳಲ್ಲಿದ್ದ ಲಂಟಾನ 2008ರ ಹೊತ್ತಿಗೆ 80ಕ್ಕೆ ಏರಿತ್ತು. ಕಾರಣ ಬೆಂಕಿ ನಿಂತದ್ದೊಂದೇ ಎಂದು ಯಾರೂ ಹೇಳಲಾರರು. ಆದರೆ ಸೋಲಿಗರ ಮಾತನ್ನು ಕೇಳದೆ ಕಳೆದ ವರ್ಷಗಳು ನಮಗೆ ದುಬಾರಿಯಾದವು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಹಾಗೆಂದು ನಾಳೆಯೇ ಕಾಡಿಗೆ ಬೆಂಕಿ ಕೊಡಿ ಎಂದು ನಾನು ಹೇಳುತ್ತಿಲ್ಲ. ದಯವಿಟ್ಟು ಯಾರೂ ಹಾಗೆ ತಿಳಿಯಬಾರದು. ಅಂದಿನ ಕಾಡು ಇಂದಿಲ್ಲ. ಆಗ ತರಗಿಗೆ ಕೊಟ್ಟ ಬೆಂಕಿ ತರಗಿನಲ್ಲೇ ಆರುತ್ತಿತ್ತು. ಈಗ ಅದು ಲಂಟಾನಕ್ಕೆ ಹತ್ತಿದರೆ ಮರವನ್ನೇ ನುಂಗುತ್ತದೆ. ಮೊದಲು ಲಂಟಾನ ಹೋಗಬೇಕು. ಅದನ್ನು ಮೇಲೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನೆಲದಡಿ ಕೈ ಹಾಕಿ, ಬುಡದ ಗಂಟಿಗಿಂತ ಕೆಳಗೆ ಬೇರನ್ನು ಕಡಿದು, ಇಡೀ ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಒಂದು ಸಲಕ್ಕೆ ಮುಗಿಯದು. ಎರಡು ಮೂರು ವರ್ಷ ಬೆನ್ನುಬಿಡದೆ ಸಸಿಗಳನ್ನು ಕೀಳಬೇಕು. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಕಿತ್ತ ಲಂಟಾನದ ಕಡ್ಡಿಯನ್ನು ಬೇಯಿಸಿ ಬಗ್ಗಿಸಿ ಕುರ್ಚಿ, ಮೇಜು ಹೆಣೆಯುತ್ತಾರೆ. ಬೆತ್ತದಷ್ಟೇ ಗಟ್ಟಿ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಸೋಲಿಗರನ್ನೂ ಅರಣ್ಯ ಇಲಾಖೆಯನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಎಲ್ಲಿ ಕೀಳಬೇಕು, ಎಲ್ಲಿ ಯಾವಾಗ ಸುಡಬಹುದು, ಎಲ್ಲಿ ಕೂಡದು ಎಂದು ಚಿಕ್ಕ ಜಾಗದಲ್ಲಿ ನೋಡಿ ತಿಳಿಯುವ ಕೆಲಸ ಶುರುವಾಗಬೇಕು.

ಬೆಂಕಿಯ ಓಟ, ಆರಿಸುವವರ ಪಾಡು, ರೇಖೆ, ಕಿಡಿ, ಸೋಲಿಗರ ಅರಿವು ಇಷ್ಟನ್ನು ಹೇಳಿದೆ. ಉಳಿದಿರುವುದು ಈ ಬೇಸಿಗೆಯಲ್ಲಿ ನೀವು, ನಾನು ಮಾಡಬಹುದಾದದ್ದು.

ಊಟಿ, ವಯನಾಡಿನ ದಾರಿ ಬಂಡೀಪುರದ ಒಳಗೇ ಹಾದುಹೋಗುತ್ತದೆ. ಆ ದಾರಿಯಲ್ಲಿ ಗಾಡಿ ನಿಲ್ಲಿಸಬೇಡಿ, ಸಿಗರೇಟು ಹಚ್ಚಬೇಡಿ. ಶಿವರಾತ್ರಿ ಬರುತ್ತಿದೆ. ಮಾದಪ್ಪನ ಬೆಟ್ಟಕ್ಕೆ ಸಾವಿರಾರು ಜನ ಕಾಡುಹಾದಿಯಲ್ಲಿ ನಡೆದು ಹೋಗುತ್ತಾರೆ. ಅದು ಬೆಂಕಿಯ ಕಾಲದ ನಟ್ಟನಡುವೆ. ಮೂರು ಕಲ್ಲು ಹೂಡಿ ಅನ್ನ ಬೇಯಿಸಿದವರು ಒಲೆಗೆ ನೀರು ಹೊಯ್ದು, ಬೂದಿ ಕೆದಕಿ, ಅಂಗೈ ಇಟ್ಟು ನೋಡಿ ಏಳಬೇಕು. ಸಾಧ್ಯವಾದರೆ ಊಟವನ್ನು ಬುತ್ತಿ ಕಟ್ಟಿಕೊಂಡೇ ಹೋಗಿ. ಮಾದಪ್ಪನಿಗೆ ಆ ಕಾಡೂ ಸೇರಿದ್ದು.

ಬೆಂಕಿ ಬಿದ್ದ ಮೇಲೆ ಸುಟ್ಟ ಜಾಗದಲ್ಲಿ ಸಸಿ ನೆಡೋಣ, ಬೀಜದುಂಡೆ ಎಸೆಯೋಣ ಎಂದು ಒಳ್ಳೆಯ ಮನಸ್ಸಿನವರು ಬಸ್ಸು ಮಾಡಿಕೊಂಡು ಹೊರಡುತ್ತಾರೆ. ಅವಶ್ಯವಿಲ್ಲ. ಮೊದಲ ಮಳೆಗೆ ಆ ನೆಲದಲ್ಲಿ ಹುಲ್ಲು ಏಳುತ್ತದೆ. ಬೇರು ಉಳಿದ ಮರಗಳು ಬುಡದಿಂದ ಚಿಗುರುತ್ತವೆ. ಅಲ್ಲಿ ನಮ್ಮ ಕಾಲು ತುಳಿಯದಿದ್ದರೆ ಸಾಕು. ಆ ಹಣದಲ್ಲಿ ವಾಚರ್‌ಗಳಿಗೆ ಬೂಟು, ನೀರಿನ ಕ್ಯಾನು, ಟಾರ್ಚು ಕೊಡಿಸಬಹುದು. ರಬ್ಬರ್ ಚಪ್ಪಲಿಯಲ್ಲಿ ಕೆಂಡದ ಮೇಲೆ ನಡೆಯುವವರು ಈಗಲೂ ಇದ್ದಾರೆ. ಮೂರು ತಿಂಗಳ ಕೂಲಿಯವನಾದರೂ ಆ ಮೂರು ತಿಂಗಳು ಅವನ ಜೀವಕ್ಕೆ ವಿಮೆ ಇರಬೇಕು. ಈ ಬೇಡಿಕೆಯನ್ನು ನಿಮ್ಮ ಶಾಸಕರ ಮುಂದೆ ನೀವು ಇಡಬಹುದು.

ಬೆಂಕಿ ಆರಿಸಲು ನಾವೂ ಬರುತ್ತೇವೆ ಎನ್ನುವ ಯುವಕ ಯುವತಿಯರಿಗೆ ಒಂದು ಮಾತು. ಫೆಬ್ರವರಿಯಲ್ಲಿ ಹೊಗೆ ಕಂಡ ಮೇಲೆ ಹೊರಡಬೇಡಿ. ಆಗ ನಿಮಗೆ ದಾರಿ ತೋರಿಸಲು, ಕಲಿಸಲು ಅಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ನಿಮ್ಮನ್ನು ಕಾಯುವುದೇ ಅವರಿಗೆ ಇನ್ನೊಂದು ಕೆಲಸವಾಗುತ್ತದೆ. ಈ ವಾರವೇ ನಿಮ್ಮ ಹತ್ತಿರದ ವಲಯ ಅರಣ್ಯ ಕಚೇರಿಗೆ ಹೋಗಿ. ಹೆಸರು ಬರೆಸಿ. ಹತ್ತಿ ಬಟ್ಟೆ ತೊಟ್ಟು ಹೋಗಿ, ನೈಲಾನು ಬೇಡ. ಬೆಂಕಿ ರೇಖೆಯ ಕೆಲಸ ಇನ್ನೂ ಮುಗಿದಿಲ್ಲ. ಅಲ್ಲಿ ಎರಡು ಭಾನುವಾರ ಹುಲ್ಲು ಸವರಿ, ತರಗು ಗುಡಿಸಿ, ಸೊಪ್ಪು ಹಿಡಿಯುವುದನ್ನು ಹಳಬರಿಂದ ಕಲಿತುಕೊಳ್ಳಿ.